ಗೇರ್ ಕದಲದಿದ್ದರೆ ಬ್ರೇಕ್ ದೀಪ ನೋಡಿ

ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರಿಗೆ ಎಂದಾದರೊಂದು ದಿನ ಎದುರಾಗಬಹುದಾದ ಪೇಚು ಇದು. ಎಂಜಿನ್ ಶುರುವಾಗುತ್ತದೆ, ಎ.ಸಿ. ತಣ್ಣಗೆ ಬೀಸುತ್ತದೆ, ಗೇರ್ ಲಿವರ್ ಮಾತ್ರ ‘ಪಿ’ ಬಿಟ್ಟು ಕದಲುವುದಿಲ್ಲ. ಬ್ರೇಕ್ ಒತ್ತಿ ಹಿಡಿದರೂ ಇಲ್ಲ, ಲಿವರಿನ ಗುಂಡಿ ಅದುಮಿ ಜಗ್ಗಿದರೂ ಇಲ್ಲ. ಗೇಟಿನ ಹೊರಗೆ ಯಾರದೋ ಗಾಡಿ ಹಾರ್ನ್ ಹೊಡೆಯುತ್ತಿರುತ್ತದೆ. ಫೋನ್ ಮಾಡಿದರೆ ಸ್ನೇಹಿತರು, ಭಾವಮೈದುನರು, ಕಾರಿನ ವಿಚಾರ ಗೊತ್ತಿದ್ದವರು, ಗೊತ್ತಿಲ್ಲದವರು ಎಲ್ಲರೂ ಒಂದೇ ತೀರ್ಪು ಕೊಡುತ್ತಾರೆ: ‘ಗೇರ್‌ಬಾಕ್ಸ್ ಹೋಗಿದೆ’. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿದರೆ ಖರ್ಚು ಎಲ್ಲಿಗೆ ಮುಟ್ಟುತ್ತದೆಂದು ಬಲ್ಲ ಮಾಲೀಕನ ಎದೆ ಅಲ್ಲಿಗೇ ಧಸಕ್ಕೆನ್ನುತ್ತದೆ.

ಸಾಮಾನ್ಯವಾಗಿ ಗೇರ್‌ಬಾಕ್ಸಿಗೆ ಏನೂ ಆಗಿರುವುದಿಲ್ಲ. ಅದಕ್ಕೆ ಹೊರಡಲು ಅಪ್ಪಣೆ ಸಿಕ್ಕಿರುವುದಿಲ್ಲ, ಅಷ್ಟೆ. ಆ ಅಪ್ಪಣೆ ಹೊರಡಬೇಕಾದ್ದು ಡ್ಯಾಶ್‌ಬೋರ್ಡಿನ ಅಡಿಯ ಕತ್ತಲಲ್ಲಿ, ಬ್ರೇಕ್ ಪೆಡಲಿನ ಮೇಲ್ತುದಿಗೆ ಆತು ಕೂತಿರುವ ಬ್ರೇಕ್ ಲೈಟ್ ಸ್ವಿಚ್ಚಿನಿಂದ. ಗೇರ್‌ಬಾಕ್ಸಿನ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ. ರೋಗ ಕಾಣಿಸುವುದು ಲಿವರಿನಲ್ಲಿ, ಇರುವುದು ಬೇರೆ ಕಡೆ. ಕರೆಂಟು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆಂಬುದು ಗೊತ್ತಿದ್ದವರಿಗೆ ಇದು ಬೇಗ ಸಿಕ್ಕಿಬೀಳುವ ದೋಷ. ಗೊತ್ತಿಲ್ಲದವರ ಕೈಗೆ ಸಿಕ್ಕಿದರೆ ಟೋಯಿಂಗ್ ಗಾಡಿ, ಗ್ಯಾರೇಜಿನ ಸರದಿ, ಬೇಡದ ಬಿಲ್ಲು.

ಮೊದಲು ಬೀಗದ ವಿಚಾರ. ಲಿವರನ್ನು ‘ಪಿ’ಗೆ ತಂದಾಗ ಗೇರ್‌ಬಾಕ್ಸಿನೊಳಗೆ ಉಕ್ಕಿನ ಹಲ್ಲೊಂದು, ಚಕ್ರಗಳಿಗೆ ಜೋಡಿಸಿರುವ ಕಚ್ಚುಗಾಲಿಯಲ್ಲಿ ಸಿಕ್ಕಿಕೊಂಡು ಕಾರನ್ನು ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಕರೆಂಟು ಬೇಡ. ಎರಡನೆಯ ಬೀಗ ವಿದ್ಯುತ್ತಿನದು. ಲಿವರಿನ ಬುಡದಲ್ಲಿ ಸಾಲೆನಾಯ್ಡ್ ಎಂಬ ತಂತಿಸುರುಳಿ, ಅದರೊಳಗೆ ಓಡಾಡುವ ಕಬ್ಬಿಣದ ಪಿನ್ನು. ಪಿನ್ನು ಅಡ್ಡ ನಿಂತಿರುವ ತನಕ ಲಿವರ್ ‘ಪಿ’ ದಾಟದು. ಇಗ್ನಿಷನ್ ಆನ್ ಮಾಡಿ ಬ್ರೇಕ್ ಒತ್ತಿದಾಗ ಸ್ವಿಚ್ಚಿನಿಂದ ಸುದ್ದಿ ಹೋಗಿ, ಸುರುಳಿಯಲ್ಲಿ ಕರೆಂಟು ಹರಿದು, ಪಿನ್ನು ಹಿಂದೆ ಸರಿಯುತ್ತದೆ. ಕಿವಿಗೊಟ್ಟರೆ ‘ಟಕ್’ ಎನ್ನುವ ಸಣ್ಣ ಸದ್ದು ಕೇಳುತ್ತದೆ. ಈ ಏರ್ಪಾಡಿಗೆ ಶಿಫ್ಟ್ ಲಾಕ್ ಎಂದು ಹೆಸರು. ಕೆಲವು ಕಾರುಗಳಲ್ಲಿ ಇದು ಉಲ್ಟಾ: ಕರೆಂಟು ಹರಿಯುತ್ತಿರುವಾಗ ಬೀಗ ಹಾಕಿಕೊಂಡಿದ್ದು, ಬ್ರೇಕ್ ಒತ್ತಿದಾಗ ಕರೆಂಟು ಕಡಿದು ತೆರೆದುಕೊಳ್ಳುತ್ತದೆ. ಹಾಗಾಗಿ ತಂತಿ ತುಂಡಾದರೆ ಮೊದಲನೇ ಬಗೆಯ ಕಾರು ನಿಂತಲ್ಲೇ ನಿಲ್ಲುತ್ತದೆ, ಎರಡನೇ ಬಗೆಯದು ಬೀಗವೇ ಇಲ್ಲದ ಹಾಗೆ ಆಡುತ್ತದೆ. ವೈರಿಂಗ್ ನಕ್ಷೆ ನೋಡದೆ ಮೀಟರ್ ಹಿಡಿಯುವ ಎಲೆಕ್ಟ್ರಿಷಿಯನ್ ಇಲ್ಲೇ ದಾರಿ ತಪ್ಪುತ್ತಾನೆ.

ಇಷ್ಟೆಲ್ಲ ರಗಳೆ ಯಾಕೆ ಬೇಕಿತ್ತು ಎಂದು ಕೇಳಿದರೆ 1980ರ ದಶಕದ ಅಮೆರಿಕಕ್ಕೆ ಹೋಗಬೇಕು. ಅಲ್ಲಿ ಆಡಿ 5000 ಎಂಬ ಕಾರು ನಿಂತಲ್ಲಿಂದ ತಾನೇ ತಾನಾಗಿ ನುಗ್ಗುತ್ತದೆಂಬ ದೂರುಗಳು ಬರತೊಡಗಿದವು. ಗ್ಯಾರೇಜಿನ ಗೋಡೆ ಒಡೆದವು, ಜನ ಸತ್ತರು. 1986ರ ನವೆಂಬರ್ 23ರ ಭಾನುವಾರ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮ ಈ ಕಾರಿನ ಮೇಲೆ ವರದಿ ಮಾಡಿತು. ಯಾರ ಕಾಲೂ ತಾಗದೆ ಆಕ್ಸಿಲರೇಟರ್ ಪೆಡಲ್ ತಾನೇ ಕೆಳಗಿಳಿಯುವ ದೃಶ್ಯವನ್ನು ದೇಶವೆಲ್ಲ ನೋಡಿತು. ಆ ಕಾರಿನ ಗೇರ್‌ಬಾಕ್ಸಿಗೆ ತೂತು ಕೊರೆದು, ಹೊರಗಿನಿಂದ ಒತ್ತಡದ ಗಾಳಿ ಹಾಯಿಸಿ ಹಾಗೆ ಮಾಡಿಸಲಾಗಿತ್ತೆಂಬುದು ಆಮೇಲೆ ಹೊರಬಿತ್ತು. ಅಷ್ಟರಲ್ಲಿ ಕಂಪನಿಯ ಹೆಸರು ಹಾಳಾಗಿತ್ತು. 1985ರಲ್ಲಿ ಅಮೆರಿಕದಲ್ಲಿ 74 ಸಾವಿರ ಕಾರು ಮಾರಿದ್ದ ಆಡಿ, 1991ರ ಹೊತ್ತಿಗೆ 12 ಸಾವಿರದ ಆಸುಪಾಸಿಗೆ ಇಳಿದಿತ್ತು.

ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ನಡೆಸಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಒತ್ತಿದ್ದು ಆಕ್ಸಿಲರೇಟರನ್ನು ಎಂಬುದು ಅದರ ತೀರ್ಮಾನ. ಪೆಡಲುಗಳನ್ನು ಜೋಡಿಸಿದ ರೀತಿ, ಎಂಜಿನ್ನಿನ ಐಡಲ್ ವೇಗ ಒಮ್ಮೆಲೇ ಏರಿ ಚಾಲಕರು ಬೆಚ್ಚುವುದು ಇವೂ ಆ ತಪ್ಪಿಗೆ ದಾರಿ ಮಾಡಿರಬಹುದೆಂದು ಅದು ಹೇಳಿತು. ಕಾರು ಮುನ್ನುಗ್ಗುತ್ತದೆ, ಗಾಬರಿಯಾದ ಕಾಲು ‘ಬ್ರೇಕ್’ ಇನ್ನೂ ಜೋರಾಗಿ ಅದುಮುತ್ತದೆ, ಕಾರು ಇನ್ನೂ ಜೋರಾಗಿ ನುಗ್ಗುತ್ತದೆ. ವರದಿ ಬರುವುದಕ್ಕೆ ಮೊದಲೇ, 1987ರ ಜನವರಿಯಲ್ಲಿ, ಆಡಿ ಸುಮಾರು ಎರಡೂವರೆ ಲಕ್ಷ ಕಾರುಗಳನ್ನು ವಾಪಸು ಕರೆಸಿ ಶಿಫ್ಟ್ ಲಾಕ್ ಹಾಕಿಕೊಡಲು ಹೊರಟಿತ್ತು. ಕಾಲು ಬ್ರೇಕಿನ ಮೇಲೆ ಇಲ್ಲದಿದ್ದರೆ ಕಾರು ‘ಪಿ’ ಬಿಡಲೇಬಾರದು. ಯಂತ್ರ ಕೆಟ್ಟಿದ್ದಕ್ಕೆ ಬಂದ ಮದ್ದಲ್ಲ ಇದು. ಮನುಷ್ಯನ ಕಾಲನ್ನು ನಂಬಲಾಗದೆ ಬಂದದ್ದು.

ಮುಂದೆ ಇದಕ್ಕೆ ಇನ್ನೊಂದು ಕೆಲಸವೂ ಕೂಡಿಕೊಂಡಿತು. ನಿಲ್ಲಿಸಿದ ಕಾರಿನೊಳಗೆ ಆಡುವ ಮಕ್ಕಳು ಲಿವರ್ ಎಳೆದು, ಕಾರು ಇಳಿಜಾರಿನಲ್ಲಿ ಉರುಳಿ ಆಗುವ ಸಾವುಗಳನ್ನು ತಪ್ಪಿಸುವುದು. ಮಗುವಿನ ಕಾಲು ಬ್ರೇಕಿಗೆ ಎಟುಕುವುದಿಲ್ಲ, ಎಟುಕಿದರೂ ಕೈ ಕಾಲು ಎರಡನ್ನೂ ಒಟ್ಟಿಗೆ ಆಡಿಸುವುದು ಕಷ್ಟ. ಮಕ್ಕಳ ಸುರಕ್ಷತೆಗೆಂದು 2008ರ ಫೆಬ್ರುವರಿಯಲ್ಲಿ ಸಹಿಯಾದ ಅಮೆರಿಕದ ಕಾನೂನಿನ ಪ್ರಕಾರ 2010ರ ಸೆಪ್ಟೆಂಬರ್ 1ರಿಂದಾಚೆ ತಯಾರಾಗುವ, ‘ಪಿ’ ಸ್ಥಾನವಿರುವ ಆಟೊಮ್ಯಾಟಿಕ್ ಕಾರುಗಳಿಗೆಲ್ಲ ಈ ಬೀಗ ಕಡ್ಡಾಯ. ಜಗತ್ತಿಗೆಲ್ಲ ಒಂದೇ ವಿನ್ಯಾಸ ಮಾಡುವ ಕಂಪನಿಗಳ ಮೂಲಕ ಅದು ನಮ್ಮ ರಸ್ತೆಗಳಿಗೂ ಬಂದಿದೆ.

ಇಷ್ಟು ಗೊತ್ತಿದ್ದರೆ ಪತ್ತೇದಾರಿಕೆ ಸುಲಭ. ಪರೀಕ್ಷೆ ಶುರುವಾಗಬೇಕಾದ್ದು ಲಿವರಿನ ಹತ್ತಿರ ಅಲ್ಲ, ಕಾರಿನ ಹಿಂಭಾಗದಲ್ಲಿ. ಅನುಭವಸ್ಥ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ ನೋಡಿ.

‘ಅಣ್ಣಾ, ಗೇರ್ ಬೀಳ್ತಾನೇ ಇಲ್ಲ. ಪಾರ್ಕಲ್ಲೇ ಸ್ಟ್ರಕ್ ಆಗಿದೆ.’

‘ಬ್ರೇಕ್ ಒತ್ತಿ ಸಾರ್. ಹಿಂದೆ ಯಾರನ್ನಾದ್ರೂ ನಿಲ್ಸಿ. ಲೈಟ್ ಬರ್ತಿದ್ಯಾ ನೋಡೋಕ್ ಹೇಳಿ.’

‘ಲೈಟಲ್ಲಪ್ಪಾ, ಗೇರು!’

‘ಗೊತ್ತಾಯ್ತು ಸಾರ್. ಮೊದ್ಲು ಲೈಟ್ ನೋಡಿ.’

ಅವನು ಕೇಳಿದ್ದೇ ಸರಿಯಾದ ಪ್ರಶ್ನೆ. ಬ್ರೇಕ್ ದೀಪಕ್ಕೂ ಶಿಫ್ಟ್ ಲಾಕಿಗೂ ಸುದ್ದಿ ಕೊಡುವುದು ಒಂದೇ ಸ್ವಿಚ್ಚು. ದೀಪ ಆ ಸ್ವಿಚ್ಚಿನ ಆರೋಗ್ಯವನ್ನು ಬಿಟ್ಟಿಯಾಗಿ ತೋರಿಸುವ ಮೀಟರು. ಹಿಂದೆ ನಿಲ್ಲಲು ಯಾರೂ ಇಲ್ಲದಿದ್ದರೆ ಗೋಡೆಯ ಮೇಲೆ ಬೀಳುವ ಕೆಂಪು ಬೆಳಕನ್ನು ಕನ್ನಡಿಯಲ್ಲಿ ನೋಡಬಹುದು, ಇಲ್ಲವೇ ಫೋನನ್ನು ಹಿಂದೆ ಒರಗಿಸಿಟ್ಟು ವಿಡಿಯೊ ತೆಗೆಯಬಹುದು. ನೋಡುವಾಗ ಮೂರು ದೀಪಗಳನ್ನೂ ನೋಡಬೇಕು: ಎಡ, ಬಲ, ಹಿಂದಿನ ಗಾಜಿನ ಬಳಿಯ ಮೇಲಿನದು. ಒಂದು ಮಾತ್ರ ಉರಿಯದಿದ್ದರೆ ಬಲ್ಬ್ ಹೋಗಿದೆ, ಲಿವರಿನ ಸಮಸ್ಯೆ ಬೇರೆ. ಮೂರೂ ಉರಿಯದಿದ್ದರೆ ಫ್ಯೂಸ್ ಅಥವಾ ಸ್ವಿಚ್ಚು.

ಫ್ಯೂಸ್ ನೋಡುವುದು ಐದು ನಿಮಿಷದ ಕೆಲಸ. ಎಲ್ಲಿದೆಯೆಂದು ಕಾರಿನ ಕೈಪಿಡಿಯಲ್ಲಿ, ಹೆಚ್ಚಿನ ಕಾರುಗಳಲ್ಲಿ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲೂ ಬರೆದಿರುತ್ತದೆ. ಹೊಸ ಫ್ಯೂಸ್ ಹಾಕಿದೊಡನೆ ಲಿವರ್ ಕದಲಿತೆಂದು ಖುಷಿಪಟ್ಟು ಹೊರಟುಬಿಡುವುದು ಮಾತ್ರ ಬೇಡ. ಲೆಕ್ಕ ನೋಡಿ: ಬ್ರೇಕ್ ಬಲ್ಬ್ 21 ವಾಟಿನದು, ಎಂದರೆ ಒಂದಕ್ಕೆ ಹತ್ತಿರ ಹತ್ತಿರ 1.75 ಆಂಪಿಯರ್. ಎರಡು ಬಲ್ಬ್, ಮೇಲಿನ ದೀಪ ಎಲ್ಲ ಸೇರಿದರೂ ಐದು ಆಂಪಿಯರಿನ ಆಚೀಚೆ. 10 ಇಲ್ಲವೇ 15 ಆಂಪಿಯರಿನ ಫ್ಯೂಸ್ ಸುಮ್ಮನೆ ಸುಡುವುದಿಲ್ಲ. ಎಲ್ಲೋ ತಂತಿ ಬಾಡಿಗೆ ತಾಗಿ ಶಾರ್ಟ್ ಆಗಿದೆ. ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಹಿಂಬಾಗಿಲು ತೆಗೆದು ಹಾಕಿದಾಗೆಲ್ಲ ಮಡಚಿಕೊಳ್ಳುವ ತಂತಿಗೊಂಚಲು ಮೊದಲ ಶಂಕಿತ. ಎರಡನೆಯದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಊರಿನ ಆಕ್ಸೆಸರಿ ಅಂಗಡಿಯಲ್ಲೋ ಆಸೆಪಟ್ಟು ಹಾಕಿಸಿದ ಮಿಣುಕು ಬ್ರೇಕ್ ಲೈಟು, ಸ್ಪಾಯ್ಲರ್ ದೀಪ. ಕಂಪನಿಯ ತಂತಿಯ ಸಿಪ್ಪೆ ಸುಲಿದು, ಹೊಸದನ್ನು ಸುತ್ತಿ, ಟೇಪ್ ಅಂಟಿಸಿರುತ್ತಾರೆ. ಎರಡು ಬೇಸಿಗೆ ಕಳೆದರೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆಂದು ದೊಡ್ಡ ಆಂಪಿಯರಿನದ್ದೋ ತಾಮ್ರದ ಎಳೆಯೋ ಹಾಕುವವರಿದ್ದಾರೆ. ಆಮೇಲೆ ಸುಡುವುದು ಫ್ಯೂಸ್ ಅಲ್ಲ, ತಂತಿ. ಕೆಲವೊಮ್ಮೆ ಕಾರೇ.

ಮಲೆನಾಡಿನವರಿಗೂ ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಯವರಿಗೂ ಸಮಾನವಾದ ಮೂರನೇ ಶಂಕಿತನೂ ಇದ್ದಾನೆ, ಇಲಿ. ಅದರ ಹಲ್ಲಿಗೆ ಬ್ರೇಕ್ ತಂತಿ, ಹಾರ್ನ್ ತಂತಿ ಎಂಬ ಭೇದವಿಲ್ಲ.

ಫ್ಯೂಸ್ ಸರಿ ಇದ್ದರೆ ಸ್ವಿಚ್ಚಿನ ಸರದಿ. ಪೆಡಲ್ ಮೇಲೆ ಇರುವಾಗ ಅದರ ತೋಳು ಸ್ವಿಚ್ಚಿನ ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದಾಗ ಕಡ್ಡಿ ಹೊರಬಂದು ಸಂಪರ್ಕ ಕೂಡುತ್ತದೆ. ಸ್ವಿಚ್ಚಿಗೆ ಬರುವ ದೀಪದ ಜೋಡಿ ತಂತಿಗಳಲ್ಲಿ ಒಂದಕ್ಕೆ ಬ್ಯಾಟರಿಯಿಂದ ಯಾವಾಗಲೂ ಕರೆಂಟು ಇರಬೇಕು, ಕೀ ತೆಗೆದಿದ್ದರೂ ಸಹ. ಇನ್ನೊಂದರಲ್ಲಿ ಪೆಡಲ್ ಒತ್ತಿದಾಗ ಮಾತ್ರ ಬರಬೇಕು. ಬರುವುದು ಬಂದು, ಹೋಗುವುದು ಹೋಗದಿದ್ದರೆ ಸ್ವಿಚ್ಚು ಸತ್ತಿದೆ. ತೀರ್ಮಾನ ಇಷ್ಟು ಸರಳ. ಸಾಯಲು ಕಾರಣವೂ ಸರಳ. ತಣ್ಣಗಿರುವ ಬಲ್ಬಿನ ಎಳೆ ಮೊದಲ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಸ್ವಿಚ್ಚಿನೊಳಗೆ ಪ್ರತಿ ಸಲವೂ ಸಣ್ಣ ಕಿಡಿ. ಸಿಲ್ಕ್ ಬೋರ್ಡಿನಿಂದ ಹೆಬ್ಬಾಳ ತಲುಪುವಷ್ಟರಲ್ಲಿ ಬ್ರೇಕ್ ಎಷ್ಟು ಸಲ ಒತ್ತುತ್ತೇವೆಂದು ಎಣಿಸುವ ತಾಳ್ಮೆ ಯಾರಿಗಿದೆ? ಸ್ವಿಚ್ಚು ಎಣಿಸುತ್ತಿರುತ್ತದೆ.

ಇದು ಒಬ್ಬಿಬ್ಬರ ಕಾರಿನ ಕತೆಯೂ ಅಲ್ಲ. 2013ರ ಏಪ್ರಿಲ್‌ನಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಈ ಒಂದು ಸ್ವಿಚ್ಚಿಗಾಗಿ ವಾಪಸು ಕರೆಸಿದವು. ಪ್ರಕಟಣೆಯಲ್ಲಿದ್ದ ಲಕ್ಷಣಗಳನ್ನು ನೋಡಿದರೆ ಸ್ವಿಚ್ಚಿಗೆ ಎಷ್ಟು ಕೆಲಸ ಕಟ್ಟಿದ್ದಾರೆಂಬುದು ತಿಳಿಯುತ್ತದೆ: ಬ್ರೇಕ್ ದೀಪ ಉರಿಯದಿರಬಹುದು, ಕ್ರೂಸ್ ಕಂಟ್ರೋಲ್ ಬಿಟ್ಟುಕೊಡದಿರಬಹುದು, ಬಟನ್ ಒತ್ತಿದರೆ ಎಂಜಿನ್ ಶುರುವಾಗದಿರಬಹುದು, ಲಿವರ್ ‘ಪಿ’ಯಿಂದ ಬಾರದಿರಬಹುದು, ಕಾರಿನ ಸ್ಥಿರತೆ ಕಾಯುವ ಇಎಸ್‌ಸಿ ದೀಪ ಹೊತ್ತಿಕೊಳ್ಳಬಹುದು. ನಾಲ್ಕೈದು ಬೇರೆ ಬೇರೆ ಕಾಯಿಲೆಗಳಂತೆ ಕಾಣುವುದು ಒಂದೇ. ಎರಡು ದಿನದ ಹಿಂದೆ ಕ್ರೂಸ್ ಕಂಟ್ರೋಲ್ ಕೈಕೊಟ್ಟಿತ್ತು, ಇವತ್ತು ಗೇರ್ ಹಟ ಮಾಡುತ್ತಿದೆ ಎನ್ನುವ ಮಾಲೀಕ ಎರಡು ದೂರು ಹೇಳುತ್ತಿದ್ದಾನೆಂದು ಮೆಕ್ಯಾನಿಕ್ ತಿಳಿಯಬಾರದು.

ಈಗ ಇದರ ತಿರುಗುಮುರುಗು. ಬ್ರೇಕ್ ದೀಪ ಕಾಲು ತೆಗೆದರೂ ಆರುವುದೇ ಇಲ್ಲ. ರಾತ್ರಿಯೆಲ್ಲ ಉರಿದು ಬೆಳಿಗ್ಗೆ ಬ್ಯಾಟರಿ ಖಾಲಿ. ಇದರ ಜೊತೆ ಲಿವರ್ ಬ್ರೇಕ್ ಒತ್ತದೆಯೇ ‘ಪಿ’ಯಿಂದ ಸಲೀಸಾಗಿ ಬರುತ್ತಿದ್ದರೆ ಚಾಲಕನ ಕಾಲಡಿಯ ಮ್ಯಾಟ್ ಎತ್ತಿ ನೋಡಿ. ರಬ್ಬರ್ ಅಥವಾ ಪ್ಲಾಸ್ಟಿಕ್ಕಿನ ಪುಡಿಪುಡಿ ಚೂರುಗಳು ಸಿಕ್ಕಿದರೆ ಕೇಸು ಮುಗಿಯಿತು. ಪೆಡಲಿನ ತೋಳಿನಲ್ಲಿರುವ ತೂತಿಗೆ ಒಂದು ಸಣ್ಣ ಬಿರಡೆ ಹಾಕಿರುತ್ತಾರೆ; ಸ್ವಿಚ್ಚಿನ ಕಡ್ಡಿ ತಾಗುವುದು ಅದಕ್ಕೆ. ವರ್ಷಗಳ ಸೆಕೆಗೆ ಬಿರಡೆ ಒಣಗಿ ಉದುರಿದರೆ ಕಡ್ಡಿ ತೂತಿನೊಳಗೆ ತೂರಿ ನಿಲ್ಲುತ್ತದೆ, ಕಾರು ‘ಬ್ರೇಕ್ ಸದಾ ಒತ್ತಿದೆ’ ಎಂದುಕೊಳ್ಳುತ್ತದೆ. ಜಪಾನ್ ಮತ್ತು ಕೊರಿಯಾ ಮೂಲದ ಹಲವು ಮಾದರಿಗಳಲ್ಲಿ ಇದು ಪರಿಚಿತ ದೋಷ. ಇದಕ್ಕಿಂತ ಅಗ್ಗದ ರಿಪೇರಿ ಕಾರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಮನೆಯಲ್ಲಿ ಮಕ್ಕಳಿದ್ದರೆ ಇದೇ ಹೆಚ್ಚು ಅಪಾಯದ ದೋಷ. ಹಟ ಹಿಡಿದ ಲಿವರಿನ ಬಗ್ಗೆ ಎಲ್ಲರೂ ದೂರುತ್ತಾರೆ, ಸಲೀಸಾಗಿ ಬರುವ ಲಿವರಿನ ಬಗ್ಗೆ ಯಾರೂ ದೂರುವುದಿಲ್ಲ.

ಮೂರನೆಯ ಸಂದರ್ಭವೇ ಕೌಶಲ ಬೇಡುವಂಥದ್ದು: ದೀಪಗಳು ಸರಿಯಾಗಿ ಉರಿಯುತ್ತವೆ, ಆರುತ್ತವೆ, ಆದರೂ ಲಿವರ್ ಬರುವುದಿಲ್ಲ. ಇಲ್ಲಿ ಕಿವಿ ಮೊದಲ ಸಲಕರಣೆ. ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಫ್ಯಾನು, ಹಾಡು ಎಲ್ಲ ನಿಲ್ಲಿಸಿ ಬ್ರೇಕ್ ಒತ್ತಿ. ಲಿವರಿನ ಬುಡದಲ್ಲಿ ‘ಟಕ್’ ಕೇಳಿದರೆ ವಿದ್ಯುತ್ತು ತನ್ನ ಕೆಲಸ ಮಾಡಿದೆ, ಅಡ್ಡಿ ಇರುವುದು ಯಾಂತ್ರಿಕ. ಸಂದಿಯಲ್ಲಿ ಬಿದ್ದ ನಾಣ್ಯ, ಟೋಲ್ ಚೀಟಿ, ಎಂದೋ ಚೆಲ್ಲಿದ ಕಾಫಿ ಅಥವಾ ಕೋಲಾ. ಸಕ್ಕರೆ ಪಾಕ ಒಣಗಿ ಲಿವರನ್ನೇ ಅಂಟಿಸಿಬಿಡುವುದು ತಮಾಷೆಯಲ್ಲ, ಕಪ್ ಹೋಲ್ಡರನ್ನು ಲಿವರಿನ ಪಕ್ಕಕ್ಕೇ ಇಟ್ಟ ವಿನ್ಯಾಸಕಾರರ ಕೊಡುಗೆ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ‘ಪಿ’ಗೆ ಮಾತ್ರ ತಂದು ನಿಲ್ಲಿಸಿದ್ದರೂ ಹೀಗಾಗುತ್ತದೆ. ಕಾರಿನ ಭಾರವೆಲ್ಲ ಆ ಉಕ್ಕಿನ ಹಲ್ಲಿನ ಮೇಲೆ ಬಿದ್ದು ಬಿಗಿಯುತ್ತದೆ. ಮಡಿಕೇರಿಯ ಏರು ರಸ್ತೆಗಳಲ್ಲಿ ಗಾಡಿ ನಿಲ್ಲಿಸುವವರು ಬ್ರೇಕ್ ಒತ್ತಿಕೊಂಡೇ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ‘ಪಿ’ಗೆ ತರುವುದನ್ನು ರೂಢಿಸಿಕೊಂಡರೆ ಈ ಪಾಡಿಲ್ಲ.

‘ಟಕ್’ ಕೇಳಿಸದಿದ್ದರೆ ಸ್ಕ್ಯಾನರ್ ಹಾಕುವುದು ಒಳ್ಳೆಯದು. ಎಷ್ಟೋ ಕಾರುಗಳ ಸ್ವಿಚ್ಚಿನೊಳಗೆ ಎರಡು ಜೋಡಿ ಸಂಪರ್ಕಗಳಿರುತ್ತವೆ. ಒಂದು ದೀಪಕ್ಕೆ, ಬ್ರೇಕ್ ಒತ್ತಿದಾಗ ಕೂಡುವಂಥದ್ದು. ಇನ್ನೊಂದು ಕಂಪ್ಯೂಟರಿಗೆ, ಒತ್ತಿದಾಗ ಬಿಡುವಂಥದ್ದು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದು ಹೀಗೆ. ಎರಡೂ ಹೊಂದದಿದ್ದರೆ ಪಿ0504 ಎಂಬ ಕೋಡ್ ಬರುತ್ತದೆ. ಪಿ0571 ಬಂದರೆ ಬ್ರೇಕ್ ಸ್ವಿಚ್ಚಿನ ಸರ್ಕ್ಯೂಟಿನಲ್ಲೇ ದೋಷ. ಆದರೆ ಕೋಡ್ ಹೇಳುವುದು ಯಾವ ಬೀದಿ ಎಂಬುದನ್ನು, ಯಾವ ಮನೆ ಎಂಬುದನ್ನಲ್ಲ. ‘ಸ್ವಿಚ್ ಕೋಡ್ ಬಂತು, ಸ್ವಿಚ್ ಬದಲಿಸಿದೆವು, ದುಡ್ಡು ಕೊಡಿ’ ಎನ್ನುವ ವರ್ಕ್‌ಶಾಪುಗಳು ದೋಷ ಹುಡುಕುತ್ತಿಲ್ಲ, ಊಹೆ ಮಾರುತ್ತಿವೆ. ಅದೇ ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆದು, ಪೆಡಲ್ ಒತ್ತಿ ಬಿಟ್ಟು, ‘ಆನ್–ಆಫ್’ ಕೂಡಲೇ ಬದಲಾಗುತ್ತದೆಯೇ, ತಡವರಿಸುತ್ತದೆಯೇ ಎಂದು ನೋಡುವವನು ನಿಜವಾದ ಕಸುಬುದಾರ.

ಸ್ವಿಚ್ಚು ಸರಿ, ಕಂಪ್ಯೂಟರಿಗೆ ಸುದ್ದಿಯೂ ಮುಟ್ಟಿದೆ, ಸಾಲೆನಾಯ್ಡ್ ಮಾತ್ರ ಎಳೆಯುತ್ತಿಲ್ಲ ಎಂದಿಟ್ಟುಕೊಳ್ಳೋಣ. ಎಲೆಕ್ಟ್ರಿಷಿಯನ್ ಕಪ್ಲರ್ ಬಿಚ್ಚಿ, ಮಲ್ಟಿಮೀಟರ್ ಹಿಡಿಯುತ್ತಾನೆ. 12 ವೋಲ್ಟ್ ತೋರಿಸುತ್ತದೆ. ‘ಸಪ್ಲೈ ಫುಲ್ ಇದೆ, ಸಾಲೆನಾಯ್ಡೇ ಹೋಗಿದೆ’ ಎಂದು ತೀರ್ಪು. ಲಿವರಿನ ಇಡೀ ಜೋಡಣೆಯೇ ಬದಲಾಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ತಪ್ಪಿದ್ದೆಲ್ಲಿ?

ಮೀಟರ್ ತಾನು ಅಳೆಯುವಾಗ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಪೈಪಿನಲ್ಲಿ ಪಾಚಿ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ, ನಲ್ಲಿ ತಿರುಗಿಸಿದಾಗಲೇ ಬಣ್ಣ ಬಯಲಾಗುವುದು. ಒಂದು ಲೆಕ್ಕ ಹಾಕೋಣ. ಸುರುಳಿಯ ರೋಧ 24 ಓಮ್ ಎಂದುಕೊಳ್ಳಿ. 12 ವೋಲ್ಟಿಗೆ ಅರ್ಧ ಆಂಪಿಯರ್ ಹರಿಯಬೇಕು. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದ ಕಪ್ಲರಿನಲ್ಲಿ ಇನ್ನೊಂದು 12 ಓಮ್ ಸೇರಿಕೊಂಡಿದೆ. ಈಗ ಒಟ್ಟು 36 ಓಮ್, ಕರೆಂಟು ಆಂಪಿಯರಿನ ಮೂರನೇ ಒಂದು ಭಾಗ, ಸುರುಳಿಗೆ ಸಿಗುವುದು 8 ವೋಲ್ಟ್ ಮಾತ್ರ. ಸುರುಳಿಯ ಎಳೆತ ಸುಮಾರಾಗಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದರ ಬಲ ಅರ್ಧಕ್ಕೂ ಕೆಳಗೆ. ಪಿನ್ನು ಮಿಸುಕುತ್ತದೆ, ಸರಿಯುವುದಿಲ್ಲ. ಕಪ್ಲರ್ ಬಿಚ್ಚಿ ಅಳೆದರೆ ಮಾತ್ರ ಪೂರ್ತಿ 12!

ಹಾಗಾಗಿ ಅಳೆಯಬೇಕಾದ್ದು ಕಪ್ಲರ್ ಹಾಕಿಯೇ ಇರುವಾಗ, ಬ್ರೇಕ್ ಒತ್ತಿಯೇ ಇರುವಾಗ, ಸಾಲೆನಾಯ್ಡಿನ ಎರಡು ಕಾಲುಗಳ ನಡುವೆ. ಅಲ್ಲಿ ಬ್ಯಾಟರಿಗಿಂತ ತೀರಾ ಕಡಿಮೆ ವೋಲ್ಟೇಜ್ ಕಂಡರೆ ಕಳ್ಳನಿರುವುದು ದಾರಿಯಲ್ಲಿ. ಆಮೇಲೆ ಬ್ಯಾಟರಿಯ ಪಾಸಿಟಿವ್‌ನಿಂದ ಸಾಲೆನಾಯ್ಡಿನ ತನಕ ಒಂದು ಸಲ, ಸಾಲೆನಾಯ್ಡಿನಿಂದ ಬಾಡಿ ಅರ್ಥಿನ ತನಕ ಇನ್ನೊಂದು ಸಲ ಅಳೆದರೆ ಕಳವು ಯಾವ ಬದಿಯಲ್ಲೆಂದು ಗೊತ್ತಾಗುತ್ತದೆ. ಬಹಳ ಸಲ ಅದು ಅರ್ಥಿನ ಬದಿ. ಕಾರ್ಪೆಟ್ಟಿನಡಿಯ ಒಂದು ಬೋಲ್ಟು, ಅದರ ಸುತ್ತ ಹಸಿರು ಬಿಳಿ ಪುಡಿ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿದ ಕಾರಿನಲ್ಲಿ ಇದನ್ನು ಮೊದಲು ನೋಡಬೇಕು. ನೀರು ಇಳಿದ ಎಷ್ಟೋ ತಿಂಗಳ ಮೇಲೆ, ಯಾರೂ ನೆನಪಿಟ್ಟುಕೊಳ್ಳದ ಹೊತ್ತಿನಲ್ಲಿ ತುಕ್ಕು ತನ್ನ ಕೆಲಸ ತೋರಿಸುತ್ತದೆ.

ಬಿಸಿಲಿಗೂ ಇದರಲ್ಲಿ ಪಾಲಿದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇ 0.4ರಷ್ಟು ಏರುತ್ತದೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನೊಳಗೆ ಬೆಳಗಿಗಿಂತ 40 ಡಿಗ್ರಿ ಹೆಚ್ಚಾಯಿತೆನ್ನಿ, 24 ಓಮಿನ ಸುರುಳಿ 28ರ ಹತ್ತಿರ ಹೋಗುತ್ತದೆ. ಎಲ್ಲ ಸರಿಯಿದ್ದ ಕಾರಿಗೆ ಇದು ಲೆಕ್ಕಕ್ಕಿಲ್ಲ. ಅಂಚಿನಲ್ಲಿ ನಿಂತ ಸಂಪರ್ಕವಿದ್ದರೆ, ಬ್ಯಾಟರಿ ಹಳತಾಗಿದ್ದರೆ, ಈ ಒಂದು ತೂಕ ತಕ್ಕಡಿ ಕೆಡಿಸುತ್ತದೆ. ಮಧ್ಯಾಹ್ನ ಸಿಕ್ಕಿಬಿದ್ದ ಲಿವರ್ ಸಂಜೆ ತಣ್ಣಗಾದ ಮೇಲೆ ಸರಿಯಾಗುತ್ತದೆ, ಗ್ಯಾರೇಜಿಗೆ ಒಯ್ದರೆ ಏನೂ ಕಾಣುವುದಿಲ್ಲ. ‘ಸುಮ್ಮನೆ ಭ್ರಮೆ ಮೇಡಂ’ ಎಂದು ಕಳಿಸುತ್ತಾರೆ. ಭ್ರಮೆಯಲ್ಲ, ಭೌತಶಾಸ್ತ್ರ. ದೋಷ ಯಾವ ಹೊತ್ತಿನಲ್ಲಿ ಬರುತ್ತದೆ, ಮಳೆಯಲ್ಲೇ, ಬಿಸಿಲಲ್ಲೇ, ಲೈಟ್ ಹಾಕಿದಾಗಲೇ ಎಂದು ಮಾಲೀಕರು ಬರೆದಿಟ್ಟುಕೊಂಡರೆ ಎಲೆಕ್ಟ್ರಿಷಿಯನ್ನಿನ ಅರ್ಧ ಕೆಲಸ ಮುಗಿದಂತೆ.

ಲೈಟ್ ಹಾಕಿದಾಗ ಮಾತ್ರ ಬರುವ ದೋಷ ಸ್ವಾರಸ್ಯದ್ದು. ಹಿಂದಿನ ಬಲ್ಬುಗಳಲ್ಲಿ ಹಲವು ಎರಡೆಳೆಯವು: ಪಾರ್ಕಿಂಗ್ ದೀಪಕ್ಕೆ 5 ವಾಟ್, ಬ್ರೇಕಿಗೆ 21 ವಾಟ್. ಅದರ ಜಾಗದಲ್ಲಿ ಯಾರಾದರೂ ಒಂದೆಳೆಯ ಬಲ್ಬ್ ತುರುಕಿದರೆ, ಇಲ್ಲವೇ ಒಳಗೆ ಎರಡೂ ಎಳೆ ತುಂಡಾಗಿ ಒಂದಕ್ಕೊಂದು ಅಂಟಿದರೆ, ಪಾರ್ಕಿಂಗ್ ದೀಪದ ಕರೆಂಟು ಬ್ರೇಕ್ ತಂತಿಗೆ ಹಿಮ್ಮುಖವಾಗಿ ಹರಿಯುತ್ತದೆ. ಕತ್ತಲಾಗಿ ಲೈಟ್ ಹಾಕಿದೊಡನೆ ಕಾರಿಗೆ ಬ್ರೇಕ್ ಒತ್ತಿದಂತೆ ಅನ್ನಿಸುತ್ತದೆ, ಲಿವರಿನ ಬೀಗ ತಾನೇ ಬಿಡುತ್ತದೆ. ಹಗಲಿನಲ್ಲಿ ಎಷ್ಟು ಪರೀಕ್ಷಿಸಿದರೂ ಸಿಗದು. ಬ್ರೇಕ್ ಒತ್ತಿದಾಗ ಪಾರ್ಕಿಂಗ್ ದೀಪ, ಡ್ಯಾಶ್‌ಬೋರ್ಡಿನ ದೀಪ ಮಂಕಾಗಿ ಹೊತ್ತಿಕೊಂಡರೆ ಅದು ಹಿಂದಿನ ದೀಪದ ಅರ್ಥ್ ಬಿಟ್ಟಿರುವ ಗುರುತು. ಕರೆಂಟು ಮನೆಗೆ ಹೋಗಲು ಅಡ್ಡದಾರಿ ಹಿಡಿದಿದೆ.

ನಮ್ಮಲ್ಲಿ ಹೆಚ್ಚು ಓಡುವ, ಕ್ಲಚ್ಚು ಗೇರುಗಳನ್ನು ಕಂಪ್ಯೂಟರೇ ಆಡಿಸುವ ಎಎಂಟಿ ಕಾರುಗಳದ್ದು ಬೇರೆಯೇ ಬಗೆ. 2014ರ ಫೆಬ್ರುವರಿಯಲ್ಲಿ ಮಾರುತಿ ಸೆಲೆರಿಯೊ ಮೂಲಕ ಅಗ್ಗದ ಕಾರುಗಳಿಗೆ ಈ ತಂತ್ರ ಬಂತು. ಮಾರುತಿಯ ಈ ಕಾರುಗಳಲ್ಲಿ ‘ಪಿ’ ಎಂಬುದೇ ಇಲ್ಲ. ಬ್ರೇಕ್ ಒತ್ತಿ, ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫ್ ಹೊಡೆಯುತ್ತದೆ. ಇಲ್ಲಿ ಬ್ರೇಕ್ ಸ್ವಿಚ್ಚು ಕೆಟ್ಟರೆ ಲಿವರ್ ಸಿಕ್ಕಿಕೊಳ್ಳುವುದಿಲ್ಲ, ಎಂಜಿನ್ನೇ ಶುರುವಾಗುವುದಿಲ್ಲ. ಜನ ಬ್ಯಾಟರಿ ಬದಲಿಸುತ್ತಾರೆ, ಸ್ಟಾರ್ಟರ್ ಮೋಟರ್ ಬಿಚ್ಚಿಸುತ್ತಾರೆ. ಇಲ್ಲೂ ಮೊದಲ ಪ್ರಶ್ನೆ ಹಿಂದಿನ ದೀಪದ್ದೇ. ಲಿವರಿನ ಬದಲು ತಿರುಗುಗುಂಡಿಯಿರುವ ಎಲೆಕ್ಟ್ರಿಕ್ ಕಾರುಗಳಲ್ಲಿ ಅಡ್ಡ ನಿಲ್ಲುವ ಪಿನ್ನೂ ಇಲ್ಲ, ಕಂಪ್ಯೂಟರ್ ‘ಆಗುವುದಿಲ್ಲ’ ಎನ್ನುತ್ತದೆ ಅಷ್ಟೆ. ಚಕ್ರ ತಿರುಗಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಸಣ್ಣ ಬ್ಯಾಟರಿ ಸೋತಿದ್ದರೆ ಆ ಕಂಪ್ಯೂಟರ್ ಮಾತನ್ನೇ ಆಡುವುದಿಲ್ಲ.

ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ತಯಾರಕರು ಒಂದು ಹಿಂಬಾಗಿಲು ಇಟ್ಟಿರುತ್ತಾರೆ. ಹಲವು ಕಾರುಗಳಲ್ಲಿ ಲಿವರಿನ ಪಕ್ಕ ಬೆರಳಗಲದ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಬ್ರೇಕ್ ಒತ್ತಿ ಹಿಡಿದು, ಮುಚ್ಚಳ ತೆಗೆದು ಕೀಲಿಯಿಂದಲೋ ಸ್ಕ್ರೂಡ್ರೈವರಿನಿಂದಲೋ ಒಳಗೆ ಅದುಮಿದರೆ ಪಿನ್ನು ಸರಿದು ಲಿವರ್ ನ್ಯೂಟ್ರಲ್‌ಗೆ ಬರುತ್ತದೆ. ಬಟನ್ ಸ್ಟಾರ್ಟಿನ ಕೆಲವು ಕಾರುಗಳಲ್ಲಿ ಬ್ರೇಕ್ ಸ್ವಿಚ್ಚಿನ ಫ್ಯೂಸ್ ಹೋದಾಗ ಆಕ್ಸೆಸರಿ ಸ್ಥಿತಿಯಲ್ಲಿಟ್ಟು ಗುಂಡಿಯನ್ನು 10–15 ಸೆಕೆಂಡು ಒತ್ತಿ ಹಿಡಿದರೆ ಎಂಜಿನ್ ಶುರುವಾಗುತ್ತದೆ. ವಿಧಾನ ಕಾರಿನಿಂದ ಕಾರಿಗೆ ಬೇರೆ, ಕೈಪಿಡಿಯಲ್ಲಿ ಬರೆದಿರುತ್ತದೆ. ಹೀಗೆ ಹೊರಟರೂ ಗ್ಯಾರೇಜಿನ ತನಕ ಮಾತ್ರ, ನಿಧಾನವಾಗಿ. ಬ್ರೇಕ್ ದೀಪ ಉರಿಯದ ಕಾರು ಹಿಂದಿನವನಿಗೆ ಸುಳಿವು ಕೊಡದೆ ನಿಲ್ಲುತ್ತದೆ, ಹೆದ್ದಾರಿಯಲ್ಲಿ ಅದು ಜೀವದ ಪ್ರಶ್ನೆ. ಟೋಯಿಂಗ್ ಬೇಕಾದರೆ ಫ್ಲ್ಯಾಟ್‌ಬೆಡ್ ಗಾಡಿಯನ್ನೇ ಕೇಳಿ. ‘ಪಿ’ಯಲ್ಲಿರುವ ಕಾರಿನ ಚಾಲನಾ ಚಕ್ರಗಳು ನೆಲಕ್ಕೆ ತಾಗಿರುವಾಗ ಎಳೆದುಕೊಂಡು ಹೋದರೆ ಆಗ ಗೇರ್‌ಬಾಕ್ಸ್ ನಿಜಕ್ಕೂ ಹೋಗುತ್ತದೆ.

ಕೆಲವು ಕಡೆ ಇನ್ನೊಂದು ‘ರಿಪೇರಿ’ ನಡೆಯುತ್ತದೆ. ಪಿನ್ನನ್ನು ಪ್ಲಾಸ್ಟಿಕ್ ಟ್ಯಾಗಿನಿಂದ ಎಳೆದು ಕಟ್ಟುವುದು, ಸಾಲೆನಾಯ್ಡಿಗೆ ನೇರ ತಂತಿ ಕೊಡುವುದು. ‘ಇನ್ನು ತೊಂದರೆ ಇಲ್ಲ ಸಾರ್’ ಎಂಬ ಭರವಸೆ ಬೇರೆ. ಮೂವತ್ತು ವರ್ಷ ಗೇರ್ ಗಾಡಿ ಓಡಿಸಿ, ನಿವೃತ್ತಿಯಾದ ಮೇಲೆ ಆಟೊಮ್ಯಾಟಿಕ್ ಹಿಡಿದ ಅಪ್ಪ ಮನೆಯಲ್ಲಿದ್ದರೆ, ಡ್ರೈವರ್ ಸೀಟಿನಲ್ಲಿ ಕೂತು ಬಸ್ ಆಟ ಆಡುವ ಮಗುವಿದ್ದರೆ, ಈ ಕಟ್ಟನ್ನು ಒಪ್ಪಬಾರದು. ಶಿಫ್ಟ್ ಲಾಕ್ ಎಲ್ಲವನ್ನೂ ತಡೆಯುವುದಿಲ್ಲ ಎಂಬುದೂ ನಿಜ. ‘ಡಿ’ಗೆ ಬಂದ ಮೇಲೆ ತಪ್ಪು ಪೆಡಲ್ ಒತ್ತಿದರೆ ಅದು ಅಸಹಾಯಕ. ಹೊರಡುವ ಆ ಒಂದು ಕ್ಷಣಕ್ಕೆ ಮಾತ್ರ ಅದರ ಕಾವಲು.

ಲಿವರ್ ಹಟ ಹಿಡಿದು ಗ್ಯಾರೇಜಿಗೆ ಹೋದರೆ, ಗೇರ್‌ಬಾಕ್ಸ್ ಬಿಚ್ಚಲು ಒಪ್ಪುವ ಮೊದಲು ನಾಲ್ಕು ವಿಷಯ ಕೇಳಿ: ಬ್ರೇಕ್ ದೀಪ ಉರಿಯುತ್ತಿದೆಯೇ, ಫ್ಯೂಸ್ ಸುಟ್ಟಿದ್ದರೆ ಕಾರಣ ಏನು, ಲೈವ್ ಡೇಟಾದಲ್ಲಿ ಸ್ವಿಚ್ಚು ಬದಲಾಗುತ್ತಿದೆಯೇ, ಕಪ್ಲರ್ ಹಾಕಿರುವಾಗ ಸಾಲೆನಾಯ್ಡಿಗೆ ಎಷ್ಟು ವೋಲ್ಟ್ ಸಿಗುತ್ತಿದೆ. ನಾಲ್ಕಕ್ಕೂ ಉತ್ತರ ಕೊಟ್ಟವನ ಕೈಗೆ ಕಾರು ಬಿಡಿ. ಬದಲಿಸಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಳ್ಳಿ.